ಮುತ್ತಿಗೆಯ ನಡುವೆ ಒಂದು ಕ್ರಯಪತ್ರ

ದೇವರು ಕೊಟ್ಟ ಮಾತಿಗೆ ತಪ್ಪುವುದಿಲ್ಲವೆಂಬ ನಂಬಿಕೆಯು ಕ್ರೈಸ್ತ ಧರ್ಮದ ತಳಪಾಯವಾಗಿದ್ದರೂ, ಆ ನಂಬಿಕೆ ನಡತೆಯಲ್ಲಿ ಯಾವ ರೂಪ ತಾಳಬಲ್ಲದೆಂಬುದನ್ನು ಉಪದೇಶಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಬೈಬಲಿನ ಒಂದು ಜಮೀನು ವ್ಯವಹಾರ. ಅದು ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯದಲ್ಲಿದೆ.

ಕ್ರಿ.ಪೂ. 587ರ ಸುಮಾರಿಗೆ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೇನೆ ಯೆರೂಸಲೇಮನ್ನು ಮುತ್ತಿತ್ತು. ನಗರವು ಶತ್ರುವಶವಾಗುವುದೆಂದು ಸಾರಿದ ತಪ್ಪಿಗಾಗಿ ಪ್ರವಾದಿ ಯೆರೆಮೀಯನನ್ನು, ಅಂದರೆ ದೇವರ ಸಂದೇಶವನ್ನು ಜನರಿಗೆ ತಲುಪಿಸುವ ಹೊಣೆ ಹೊತ್ತವನನ್ನು, ಅರಸ ಚಿದ್ಕೀಯನು ಕಾವಲಿನ ಅಂಗಳದಲ್ಲಿ ಸೆರೆಯಿಟ್ಟಿದ್ದನು. ಅಲ್ಲಿಗೆ ಬಂದ ದಾಯಾದಿ ಹನಮೇಲನು, ಅನಾತೋತಿನಲ್ಲಿದ್ದ ತನ್ನ ಹೊಲವನ್ನು ಕೊಂಡುಕೊಳ್ಳೆಂದು ಕೇಳಿದನು. ಕುಲದ ಭೂಮಿ ಪರರ ಪಾಲಾಗದಂತೆ ಸಮೀಪದ ಬಂಧುವೇ ಅದನ್ನು ಕೊಂಡು ಉಳಿಸಿಕೊಳ್ಳುವ ಹಕ್ಕು ಇಸ್ರಾಯೇಲರ ಕಾನೂನಿನಲ್ಲಿತ್ತು. ಆದರೆ ನಗರದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದ ಆ ಊರು ಅಷ್ಟರಲ್ಲಿ ಶತ್ರುಸೇನೆಯ ಹಿಡಿತದಲ್ಲಿದ್ದಿರಬೇಕು. ಲೌಕಿಕ ಲೆಕ್ಕದಲ್ಲಿ ಇದಕ್ಕಿಂತ ನಷ್ಟದ ವ್ಯಾಪಾರ ಇನ್ನೊಂದಿರಲಾರದು.

ಯೆರೆಮೀಯನು 17 ಶೆಕೆಲ್ ಬೆಳ್ಳಿಯನ್ನು, ಎಂದರೆ ಸುಮಾರು 200 ಗ್ರಾಮಿನಷ್ಟನ್ನು, ಸಾಕ್ಷಿಗಳ ಮುಂದೆ ತೂಗಿಕೊಟ್ಟು, ಮುದ್ರೆ ಹಾಕಿದ ಒಂದು ಪ್ರತಿ ಮತ್ತು ತೆರೆದಿಟ್ಟ ಇನ್ನೊಂದು ಪ್ರತಿಯೆಂದು ಎರಡು ಕ್ರಯಪತ್ರಗಳನ್ನು ಸಿದ್ಧಪಡಿಸಿ, ಬಹುಕಾಲ ಕೆಡದೆ ಉಳಿಯಲೆಂದು ಅವುಗಳನ್ನು ಮಣ್ಣಿನ ಪಾತ್ರೆಯಲ್ಲಿಡುವಂತೆ ಲಿಪಿಕಾರ ಬಾರೂಕನಿಗೆ ಒಪ್ಪಿಸಿದನು. ಈ ನಾಡಿನಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯವಿಕ್ರಯ ಮತ್ತೆ ನಡೆಯುವುದೆಂಬ ದೇವರ ವಾಗ್ದಾನವೊಂದೇ ಅವನಿಗಿದ್ದ ಭದ್ರತೆ. ಗಮನಿಸಬೇಕಾದುದೆಂದರೆ, ಪತ್ರ ಬಾರೂಕನ ಕೈಸೇರಿದ ಮೇಲೆಯೇ ಯೆರೆಮೀಯನ ಮನಸ್ಸು ಕಲಕಿತು: ನಗರವನ್ನೇ ಶತ್ರುಗಳಿಗೆ ಒಪ್ಪಿಸುತ್ತಿರುವಾಗ ಹೊಲ ಕೊಳ್ಳಲು ಹೇಳಿದ್ದೇಕೆಂಬ ಬೆರಗನ್ನು ಅವನು ಪ್ರಾರ್ಥನೆಯಲ್ಲಿ ದೇವರ ಮುಂದೆಯೇ ಇಟ್ಟನು. ಸಂಶಯವೆಲ್ಲ ತೀರಿದ ಬಳಿಕ ಹುಟ್ಟುವುದೇ ವಿಶ್ವಾಸವೆಂಬ ಪ್ರಚಲಿತ ತಿಳಿವಳಿಕೆಗೆ ಈ ಪ್ರಸಂಗದಲ್ಲಿ ಆಧಾರವಿಲ್ಲ.

ಆ ಹೊಲದ ಫಲವನ್ನು ಯೆರೆಮೀಯನು ಉಂಡಂತೆ ತೋರುವುದಿಲ್ಲ. ನಗರ ಬಿದ್ದ ತರುವಾಯ ಸ್ವಜನರೇ ಅವನನ್ನು ಐಗುಪ್ತಕ್ಕೆ ಕರೆದೊಯ್ದರು. ಪಾರಸಿಯ ಅರಸ ಕೋರೆಷನು ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದು, ಅಲ್ಲಿಗೆ ಸೆರೆಹೋಗಿದ್ದ ಇಸ್ರಾಯೇಲರಿಗೆ ಮರಳಲು ಅಪ್ಪಣೆಯಿತ್ತಾಗ ಹಿಂದಿರುಗಿದವರ ಪಟ್ಟಿಯನ್ನು ಎಜ್ರನ ಗ್ರಂಥ ಕೊಡುತ್ತದೆ, ಅದರಲ್ಲಿ ಅನಾತೋತಿನವರು 128 ಮಂದಿ. ವಾಗ್ದಾನ ನೆರವೇರಿತು, ಆದರೆ ನಂಬಿ ಹಣ ತೆತ್ತವನ ಕಣ್ಣೆದುರಿಗಲ್ಲ. ಹೊಸ ಒಡಂಬಡಿಕೆಯಲ್ಲಿ, ಎಂದರೆ ಯೇಸುಕ್ರಿಸ್ತನ ಮೂಲಕ ದೇವರು ಮಾನವರೊಡನೆ ಮಾಡಿಕೊಂಡ ಹೊಸ ಕರಾರನ್ನು ಸಾರುವ ಗ್ರಂಥಭಾಗದಲ್ಲಿ, ಇಬ್ರಿಯರಿಗೆ ಬರೆದ ಪತ್ರಿಕೆಯು ಅಬ್ರಹಾಮ ಮೊದಲಾದವರನ್ನು ಇದೇ ಸಾಲಿಗೆ ಸೇರಿಸಿ, ವಾಗ್ದಾನದ ಫಲವನ್ನು ದೂರದಿಂದಲೇ ಕಂಡು ಸತ್ತವರೆಂದು ಅವರನ್ನು ಗೌರವಿಸುತ್ತದೆ.

ಕರ್ನಾಟಕದ ಹಲವು ಸಭೆಗಳಲ್ಲಿ ಹೊಸ ವರ್ಷದ ಆರಾಧನೆಯಲ್ಲಿ ಪ್ರತಿ ಕುಟುಂಬಕ್ಕೂ ವಾಗ್ದಾನದ ವಚನವೊಂದನ್ನು ಕಾರ್ಡಿನಲ್ಲಿ ಕೊಡುವ ರೂಢಿಯಿದೆ. ದೇವರ ಆಲೋಚನೆಗಳು ಹಿತಕ್ಕಾಗಿಯೇ ಇವೆಯೆಂಬ ಯೆರೆಮೀಯ 29:11 ಅಂಥ ವಚನಗಳಲ್ಲಿ ಬಹು ಜನಪ್ರಿಯವಾದದ್ದು. ಅದು ಬಾಬಿಲೋನಿನ ಸೆರೆಯಾಳುಗಳಿಗೆ ಬರೆದ ಕಾಗದದ ಸಾಲು; ಅದರ ಹಿಂದಿನ ವಚನವು ಬಿಡುಗಡೆಗೆ 70 ವರ್ಷಗಳ ಅವಧಿಯನ್ನು ಹೇಳುತ್ತದೆ, ಅದಕ್ಕೂ ಮುಂಚಿನ ವಚನಗಳು ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ನಡೆಸಿರೆಂದು ಆಜ್ಞಾಪಿಸುತ್ತವೆ. ಕಾರ್ಡಿನಲ್ಲಿ ಈ ವಚನಗಳಿಗೂ ಜಾಗವಿದ್ದರೆ ಒಳ್ಳೆಯದಿತ್ತು.