ಹಳೇ ನೀರು, ಹೊಸ ನೀರು ಮತ್ತು ಗಾಜಿನ ತೊಟ್ಟಿಯ ಮೀನು

ಮತ್ಸ್ಯಾವತಾರದ ಕಥೆ ನಮಗೆಲ್ಲ ಗೊತ್ತಿದೆ. ಅದರ ಬಹು ಹಳೆಯ ರೂಪವೊಂದು ಶತಪಥ ಬ್ರಾಹ್ಮಣದಲ್ಲಿ ಸಿಗುತ್ತದೆ. ಬೆಳಗ್ಗೆ ಕೈ ತೊಳೆಯಲೆಂದು ತಂದ ನೀರಿನಲ್ಲಿ ಮನುವಿಗೆ ಪುಟ್ಟದೊಂದು ಮೀನು ಕಾಣುತ್ತದೆ. ನನ್ನನ್ನು ಸಾಕು, ಮುಂದೆ ಪ್ರಳಯ ಬಂದಾಗ ನಿನ್ನನ್ನು ಕಾಪಾಡುತ್ತೇನೆ ಎಂದು ಅದು ಕೇಳಿಕೊಳ್ಳುತ್ತದೆ. ಮನು ಅದನ್ನು ಮೊದಲು ಗಡಿಗೆಯಲ್ಲಿಡುತ್ತಾನೆ. ಗಡಿಗೆ ಸಾಲದಾದಾಗ ಹೊಂಡಕ್ಕೆ ಬಿಡುತ್ತಾನೆ. ಹೊಂಡವೂ ಸಾಲದಾದಾಗ ಸಮುದ್ರಕ್ಕೆ ಒಯ್ಯುತ್ತಾನೆ. ಕಥೆಯ ತಿರುಳು ಬೇರೆಯೇ ಇರಲಿ, ಮೀನು ಸಾಕುವವರ ಮಟ್ಟಿಗೆ ಅದರಲ್ಲೊಂದು ನಿಜವಿದೆ. ಪಾತ್ರೆಗೆ ಬಂದ ಮೀನಿನ ಯೋಗಕ್ಷೇಮವೆಲ್ಲ ಸಾಕಿದವನ ಹೊಣೆ. ಮನು ಪಾತ್ರೆಯನ್ನೇ ಬದಲಿಸುತ್ತ ಹೋದ. ನಡುಮನೆಯ ಮೇಜಿನ ಮೇಲೆ ಎರಡಡಿ ಗಾಜಿನ ತೊಟ್ಟಿ ಇಟ್ಟವರಿಗೆ ಆ ಅನುಕೂಲವಿಲ್ಲ. ಅವರು ಬದಲಿಸಬಹುದಾದದ್ದು ನೀರನ್ನು ಮಾತ್ರ.

ಎಷ್ಟು ನೀರು? ಎಷ್ಟು ದಿನಕ್ಕೊಮ್ಮೆ? ಪ್ರಶ್ನೆ ಸಣ್ಣದು. ಆದರೆ ಇದಕ್ಕೆ ತಪ್ಪು ಉತ್ತರ ಕೊಟ್ಟುಕೊಂಡು ಎಷ್ಟೋ ಮನೆಗಳಲ್ಲಿ ಮಕ್ಕಳು ಕಣ್ಣೀರು ಹಾಕಿದ್ದಾರೆ. ಸಾಮಾನ್ಯವಾಗಿ ನಡೆಯುವುದು ಹೀಗೆ: ಭಾನುವಾರ ಮನೆಮಂದಿಯೆಲ್ಲ ಸೇರಿ ಮೀನುಗಳನ್ನು ಪಾತ್ರೆಗೆ ಹಾಕುತ್ತಾರೆ, ತೊಟ್ಟಿಯ ನೀರನ್ನೆಲ್ಲ ಚೆಲ್ಲುತ್ತಾರೆ, ಗಾಜನ್ನೂ ಕಲ್ಲುಗಳನ್ನೂ ತಿಕ್ಕಿ ತೊಳೆಯುತ್ತಾರೆ, ನಲ್ಲಿಯಿಂದ ಹೊಸ ನೀರು ತುಂಬುತ್ತಾರೆ. ತೊಟ್ಟಿ ಫಳಫಳ ಹೊಳೆಯುತ್ತದೆ. ಮಂಗಳವಾರದ ಹೊತ್ತಿಗೆ ಒಂದೆರಡು ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ನೀರು ಕೊಳಕಾಗಿರಬೇಕೆಂದು ಮತ್ತೊಮ್ಮೆ ತೊಳೆಯುತ್ತಾರೆ. ಉಳಿದವೂ ಸಾಯುತ್ತವೆ. ಅಲಕ್ಷ್ಯದಿಂದ ಸತ್ತ ಮೀನುಗಳ ಜೊತೆಗೆ ಹೀಗೆ ಅಕ್ಕರೆಯಿಂದ ಸತ್ತವೂ ಬಹಳ.

ಇದು ಯಾಕೆ ಹೀಗೆ ಎಂಬುದನ್ನು ತಿಳಿಯಲು ಮನುಷ್ಯನಿಗೆ ಹತ್ತಿರ ಹತ್ತಿರ ಎರಡು ಶತಮಾನ ಬೇಕಾಯಿತು.

ಕೊಳದಿಂದ ಗಾಜಿಗೆ

ಅಂದಕ್ಕಾಗಿ ಮೀನು ಸಾಕುವ ಹವ್ಯಾಸದಲ್ಲಿ ಚೀನೀಯರು ಮುಂದು. ಅಲ್ಲಿ ಸಾಂಗ್ ವಂಶದ ಆಳ್ವಿಕೆಯ ಕಾಲದಲ್ಲೇ (ಕ್ರಿ.ಶ. 960-1279) ಕೊಳಗಳಲ್ಲಿ ಹೊಂಬಣ್ಣದ ಮೀನುಗಳನ್ನು ಆರಿಸಿ ಬೆಳೆಸುತ್ತಿದ್ದರು. ಮುಂದೆ ಮಿಂಗ್ ವಂಶದ ಕಾಲದಲ್ಲಿ ಈ ಮೀನುಗಳು ಕೊಳದಿಂದ ಪಿಂಗಾಣಿಯ ದೊಡ್ಡ ಹಂಡೆಗಳಿಗೆ ಬಂದವು. ಅವನ್ನು ಮೇಲಿನಿಂದ ಬಗ್ಗಿ ನೋಡಬೇಕಾಗಿತ್ತು. ನಮ್ಮಲ್ಲೂ ಮೀನಿನ ವಿನೋದ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವಿದೆ. ಯಾವ ಮೀನಿಗೆ ಯಾವ ಆಹಾರ ಹಾಕಬೇಕೆಂಬ ವಿವರವೂ ಅಲ್ಲುಂಟು. ಆದರೆ ಅದು ಗಾಳ ಹಾಕುವ ಅರಸನ ವಿನೋದ. ಗಾಜಿನ ಮಾತು ಅಲ್ಲಿಲ್ಲ.

ಗಾಜಿನ ಪಾತ್ರೆಯಲ್ಲಿ ಮೀನು ಕಂಡು ಬೆರಗಾದವರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ದಿನಚರಿಕಾರ ಸ್ಯಾಮ್ಯುಯೆಲ್ ಪೆಪಿಸ್ ಒಬ್ಬ. ನೀರು ತುಂಬಿದ ಗಾಜಿನಲ್ಲಿ ಪರದೇಶದ ಮೀನುಗಳನ್ನು ನೋಡಿದೆನೆಂದೂ ಅವು ಹಾಗೆಯೇ ಎಂದೆಂದಿಗೂ ಬದುಕಿರುತ್ತವೆಂದೂ 1665ರ ಮೇ ತಿಂಗಳಲ್ಲಿ ಆತ ಬರೆದುಕೊಂಡ. ಆ ‘ಎಂದೆಂದಿಗೂ’ ಎಂಬುದು ಅತಿಯಾಸೆಯ ಮಾತು. ಬೋಗುಣಿಯ ನೀರನ್ನು ಮತ್ತೆ ಮತ್ತೆ ಬದಲಿಸದಿದ್ದರೆ ಮೀನು ಉಸಿರುಗಟ್ಟಿ ಸಾಯುತ್ತದೆಂದು ಸಾಕಿದವರೆಲ್ಲರಿಗೂ ಅನುಭವದಿಂದ ಗೊತ್ತಿತ್ತು. ‘ನೀರನ್ನು ಮೇಲಿಂದ ಮೇಲೆ ಬದಲಿಸಿ’ ಎಂಬುದು ನಮ್ಮ ಪ್ರಶ್ನೆಗೆ ಸಿಕ್ಕ ಮೊದಲ ಉತ್ತರ.

ವಾರಿಂಗ್ಟನ್ನನ ತೊಟ್ಟಿ

ಎರಡನೆಯ ಉತ್ತರ ಇದಕ್ಕೆ ತದ್ವಿರುದ್ಧ. ಹಸಿರು ಗಿಡ ಕೆಟ್ಟ ಗಾಳಿಯನ್ನು ಸರಿಪಡಿಸುತ್ತದೆಂದು 1770ರ ದಶಕದಲ್ಲಿ ಜೋಸೆಫ್ ಪ್ರೀಸ್ಟ್ಲಿ ತೋರಿಸಿದ್ದ. ಅದಕ್ಕೆ ಬಿಸಿಲು ಬೇಕೆಂದು 1779ರಲ್ಲಿ ಇಂಗೆನ್‌ಹೌಸ್ ಸ್ಪಷ್ಟಪಡಿಸಿದ. ನೆಲದ ಮೇಲಿನ ಈ ನ್ಯಾಯ ನೀರಿನೊಳಗೂ ನಡೆಯಬೇಕಲ್ಲವೆ? ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಇದನ್ನು ಪರೀಕ್ಷೆಗೆ ಹಚ್ಚಿದ. ಸುಮಾರು 12 ಗ್ಯಾಲನ್ನಿನ ತೊಟ್ಟಿಯಲ್ಲಿ ಎರಡು ಪುಟ್ಟ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ಜಲಸಸ್ಯವನ್ನೂ ಇಟ್ಟ. ಮೀನು ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಗಿಡ ಹೀರುತ್ತದೆ, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ ಎಂಬುದು ಅವನ ಲೆಕ್ಕ. ಕೊಳೆತ ಎಲೆಗಳಿಂದ ನೀರು ರಾಡಿಯಾಗತೊಡಗಿದಾಗ ಅವನ್ನು ತಿನ್ನಲು ಬಸವನಹುಳುಗಳನ್ನು ಬಿಟ್ಟ. ನೀರು ತಿಳಿಯಾಯಿತು. 1850ರಲ್ಲಿ ಅವನು ಇದನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟ.

ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರ ಮೇ ತಿಂಗಳಲ್ಲಿ ಲಂಡನ್ ಮೃಗಾಲಯದಲ್ಲಿ ‘ಮೀನಿನ ಮನೆ’ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕ ಆ ಹೆಸರನ್ನೇ ಮನೆಮಾತಾಗಿಸಿತು. ನಡುಮನೆಯಲ್ಲಿ ಅಕ್ವೇರಿಯಂ ಇಡುವ ಹುಚ್ಚು ಹಬ್ಬಿತು. ಈ ಅಲೆಯ ಮುಂದಿನ ತೆರೆಗಳು ನಮ್ಮ ದಡಕ್ಕೂ ಬಡಿದವು. ಮದ್ರಾಸಿನ ಮರೀನಾ ತೀರದಲ್ಲಿ 1909ರಲ್ಲಿ, ಮುಂಬಯಿಯಲ್ಲಿ 1951ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ಸಾರ್ವಜನಿಕ ಮತ್ಸ್ಯಾಲಯಗಳು ತೆರೆದುಕೊಂಡವು.

ವಾರಿಂಗ್ಟನ್ನನ ಪ್ರಯೋಗದಿಂದ ಹುಟ್ಟಿದ್ದು ‘ಸಮತೋಲದ ಅಕ್ವೇರಿಯಂ’ ಎಂಬ ಸುಂದರ ಕನಸು. ಮೀನು, ಗಿಡ, ಹುಳು ಮೂರನ್ನೂ ಸರಿಯಾಗಿ ಸೇರಿಸಿದರೆ ಅದೊಂದು ಸ್ವಯಂಪೂರ್ಣ ಪುಟ್ಟ ಜಗತ್ತು; ನೀರನ್ನು ಮುಟ್ಟಲೇಬೇಕಾಗಿಲ್ಲ! ವರ್ಷಗಟ್ಟಲೆ ನೀರು ಬದಲಿಸದಿರುವುದೇ ಹವ್ಯಾಸಿಗಳ ಹೆಮ್ಮೆಯಾಯಿತು. ‘ಹಳೇ ನೀರೇ ಒಳ್ಳೇ ನೀರು’ ಎಂಬ ನಂಬಿಕೆ ಬಹಳ ಕಾಲ ಬಾಳಿತು. ವಾರಿಂಗ್ಟನ್ನನ ತೊಟ್ಟಿ ಸರಿಸುಮಾರು 54 ಲೀಟರಿನದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ನಮ್ಮ ಮನೆಗಳ ತೊಟ್ಟಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅವನು ಅದರಲ್ಲಿ ಇಟ್ಟದ್ದು ಎರಡೇ ಮೀನು. ನಾವು ಇಡುವುದು ಹನ್ನೆರಡು!

ಚರಂಡಿ ನೀರು ಕಲಿಸಿದ ಪಾಠ

ಉಸಿರಾಟದ ಲೆಕ್ಕದಲ್ಲಿ ವಾರಿಂಗ್ಟನ್ ತಪ್ಪಲಿಲ್ಲ. ಆದರೆ ಮೀನು ನೀರಿಗೆ ಬಿಡುವುದು ಇಂಗಾಲದ ಡೈ ಆಕ್ಸೈಡ್ ಒಂದನ್ನೇ ಅಲ್ಲ. ಅದರ ಕಿವಿರುಗಳಿಂದ ಅಮೋನಿಯಾ ಸತತವಾಗಿ ಹೊರಬರುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಹುಟ್ಟುವುದು ಅದೇ. ಅಮೋನಿಯಾ ಮೀನಿಗೆ ವಿಷ. ಮತ್ತೆ ಕೊಳದಲ್ಲಿ ಮೀನುಗಳು ಹೇಗೆ ಬದುಕುತ್ತವೆ?

ಇದರ ಗುಟ್ಟು ತಿಳಿದದ್ದು ಮೀನಿನಿಂದಲ್ಲ, ಚರಂಡಿಯಿಂದ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಉದ್ದನೆಯ ಕೊಳವೆಯೊಂದಕ್ಕೆ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ ಅದರ ಮೂಲಕ ಕೊಳಚೆ ನೀರನ್ನು ನಿಧಾನವಾಗಿ ಹರಿಸಿದರು. ಸುಮಾರು ಮೂರು ವಾರ ಏನೂ ಆಗಲಿಲ್ಲ. ಆಮೇಲೆ ನೀರಿನಲ್ಲಿದ್ದ ಅಮೋನಿಯಾ ಕ್ರಮೇಣ ಮಾಯವಾಗಿ ಅದರ ಜಾಗದಲ್ಲಿ ನೈಟ್ರೇಟ್ ಕಾಣಿಸಿಕೊಂಡಿತು. ಕೊಳವೆಗೆ ಕ್ಲೋರೋಫಾರ್ಮ್ ಆವಿ ಹಾಯಿಸಿದಾಗ ಈ ಕೆಲಸ ನಿಂತುಹೋಯಿತು. ಅಂದರೆ ಅದನ್ನು ಮಾಡುತ್ತಿದ್ದದ್ದು ಮರಳಲ್ಲ, ಮರಳಿಗಂಟಿಕೊಂಡ ಯಾವುದೋ ಜೀವ. 1890ರ ಸುಮಾರಿಗೆ ಸರ್ಗೈ ವಿನೊಗ್ರಾಡ್ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅಕ್ವೇರಿಯಂಗಳಲ್ಲಿ ಎರಡನೆಯ ಕೆಲಸ ಮುಖ್ಯವಾಗಿ ನೈಟ್ರೋಸ್ಪೈರಾ ಬಳಗದ್ದೆಂದು 1998ರಲ್ಲಿ ತಿಳಿಯಿತು. ಎರಡೂ ಕೆಲಸವನ್ನು ಒಂಟಿಯಾಗಿ ಮಾಡಬಲ್ಲ ನೈಟ್ರೋಸ್ಪೈರಾಗಳೂ ಇವೆಯೆಂದು 2015ರಲ್ಲಿ ಪತ್ತೆಯಾಯಿತು.

ಹೊಸ ತೊಟ್ಟಿಯಲ್ಲಿ ನಡೆಯುವುದು ಆ ಕೊಳವೆಯಲ್ಲಿ ನಡೆದದ್ದೇ. ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ತೊಟ್ಟಿ ತುಂಬ ಮೀನು ಬಿಟ್ಟರೆ ಅವು ತಮ್ಮದೇ ಅಮೋನಿಯಾದಲ್ಲಿ ಬೇಯುತ್ತವೆ. ಆಮೇಲೆ ಬರುವ ನೈಟ್ರೈಟ್ ಕೂಡ ಕಡಿಮೆಯದಲ್ಲ. ಅದು ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುತ್ತದೆ. ಇಷ್ಟೆಲ್ಲ ನಡೆಯುವಾಗಲೂ ನೀರು ಕನ್ನಡಿಯಂತೆ ತಿಳಿಯಾಗಿರಬಹುದು. ಕಣ್ಣಿಗೆ ತಿಳಿಯಾಗಿ ಕಂಡದ್ದೆಲ್ಲ ಮೀನಿಗೆ ಒಳ್ಳೆಯ ನೀರಲ್ಲ.

ಇನ್ನೊಂದು ಮುಖ್ಯ ವಿಷಯ. ಈ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಇರುವುದು ನೀರಿನಲ್ಲಲ್ಲ. ಕಲ್ಲು, ಮರಳು, ಗಾಜಿನ ಮೈ ಮತ್ತು ಫಿಲ್ಟರಿನ ಸ್ಪಂಜಿನ ಮೇಲೆ ಲೋಳೆಯಾಗಿ ಅಂಟಿಕೊಂಡು. ನಾವು ಭಾನುವಾರ ತಿಕ್ಕಿ ತೆಗೆಯುವುದು ಸರಿಯಾಗಿ ಇದನ್ನೇ. ಮೊಸರಿನ ಗಡಿಗೆಯನ್ನು ಚೊಕ್ಕಟವಾಗಿ ತೊಳೆದಿಟ್ಟು, ಹೆಪ್ಪನ್ನೂ ಹಾಕದೆ, ಹಾಲು ಯಾಕೆ ಮೊಸರಾಗಲಿಲ್ಲ ಎಂದು ಕೇಳಿದಂತೆ ಇದು.

ಮುಟ್ಟದಿದ್ದರೆ ಏನಾಗುತ್ತದೆ?

ಹಾಗಾದರೆ ಬ್ಯಾಕ್ಟೀರಿಯಾಗಳಿಗೇ ಎಲ್ಲ ಬಿಟ್ಟು ನೀರನ್ನು ಮುಟ್ಟದೆ ಇರಬಹುದೆ? ಇರಲಾಗದು. ಅವು ಕೊಳೆಯನ್ನು ಇಲ್ಲವಾಗಿಸುವುದಿಲ್ಲ, ರೂಪ ಬದಲಿಸುತ್ತವೆ ಅಷ್ಟೆ. ಕೊನೆಗುಳಿಯುವ ನೈಟ್ರೇಟ್ ವಾರದಿಂದ ವಾರಕ್ಕೆ ಏರುತ್ತದೆ. ಗಿಡಗಳು ಒಂದಿಷ್ಟನ್ನು ಹೀರಿಕೊಂಡಾವು, ಎಲ್ಲವನ್ನೂ ಅಲ್ಲ.

ಆರಿದ ನೀರಿನ ಜಾಗಕ್ಕೆ ಮತ್ತೆ ನೀರು ತುಂಬುವುದನ್ನೇ ಬದಲಾವಣೆಯೆಂದು ಕೆಲವರು ತಿಳಿಯುತ್ತಾರೆ. ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದ ಲವಣಗಳಲ್ಲ. ಕೊಳವೆಬಾವಿ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡದವರಾರು? ತೊಟ್ಟಿಗೆ ಬರೀ ತುಂಬುತ್ತಲೇ ಹೋದರೆ ಅಲ್ಲಿ ಆಗುವುದೂ ಅದೇ.

ಎಲ್ಲಕ್ಕಿಂತ ಅಪಾಯದ ಸಂಗತಿ ಬೇರೆ ಇದೆ. ಅಮೋನಿಯಾ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದಿದ್ದರೆ ಅದು ಹುಳಿಯಾಗುತ್ತ ಹೋಗುತ್ತದೆ. ಹುಳಿ ಹೆಚ್ಚಿದಂತೆ ಬ್ಯಾಕ್ಟೀರಿಯಾಗಳು ಮಂಕಾಗುತ್ತವೆ, ಅಮೋನಿಯಾ ಸೇರುತ್ತದೆ. ಆದರೂ ಮೀನು ಸಾಯುವುದಿಲ್ಲ. ಯಾಕೆಂದರೆ ಹುಳಿ ನೀರಿನಲ್ಲಿ ಅಮೋನಿಯಾದ ಬಹುಭಾಗ ಅಷ್ಟೊಂದು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ನೀರಿನ ಉಷ್ಣತೆ 25 ಡಿಗ್ರಿ ಇದ್ದು ಪಿಎಚ್ 7 ಇದ್ದಾಗ ಅದರಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಪಿಎಚ್ 8ಕ್ಕೆ ಏರಿದರೆ ಅದು ನೂರಕ್ಕೆ ಐದು ಪಾಲು ದಾಟುತ್ತದೆ. ಒಂದು ದಿನ ಮನೆಯವರಿಗೆ ತೊಟ್ಟಿಯ ಮೇಲೆ ಕರುಣೆ ಹುಟ್ಟಿ ಮುಕ್ಕಾಲು ಭಾಗ ನೀರು ತೆಗೆದು ಗಡುಸಾದ ಕೊಳವೆಬಾವಿ ನೀರು ತುಂಬುತ್ತಾರೆ. ಪಿಎಚ್ ಒಮ್ಮೆಲೇ ಏರುತ್ತದೆ. ನಿನ್ನೆಯವರೆಗೆ ಸುಮ್ಮನಿದ್ದ, ತೊಟ್ಟಿಯಲ್ಲಿ ಇನ್ನೂ ಉಳಿದ ಅಮೋನಿಯಂ ವಿಷವಾಗಿ ತಿರುಗುತ್ತದೆ. ಸಂಜೆಗೆ ಮೀನು ಸಾಯುತ್ತದೆ. ನೀರು ಬದಲಿಸಿದ್ದೇ ತಪ್ಪಾಯಿತು, ಇನ್ನು ಮುಟ್ಟುವುದೇ ಬೇಡ ಎಂದು ಅವರು ತೀರ್ಮಾನಿಸುತ್ತಾರೆ. ‘ಹಳೇ ನೀರೇ ಒಳ್ಳೇ ನೀರು’ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಲು ಇಂಥ ಸಾವುಗಳೂ ಕಾರಣವಾಗಿರಬೇಕು.

ವಾರಕ್ಕೊಂದು ಬಕೆಟ್

ಹೊಸ ನೀರು ಬಂದು ಹಳೇ ನೀರನ್ನು ಕೊಚ್ಚಿಕೊಂಡು ಹೋಯಿತು ಎಂಬ ಮಾತಿದೆ. ಗಾಜಿನ ತೊಟ್ಟಿಯಲ್ಲಿ ಹಾಗಾಗಬಾರದು. ಹೊಸದು ಸ್ವಲ್ಪ ಬರಬೇಕು, ಹಳೆಯದು ಹೆಚ್ಚು ಉಳಿಯಬೇಕು, ಇದು ತಪ್ಪದೆ ನಡೆಯುತ್ತಿರಬೇಕು. ಇದೇ ಮೂರನೆಯ ಉತ್ತರ.

ಲೆಕ್ಕ ಸರಳ. ತೊಟ್ಟಿಯಲ್ಲಿ ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಸೇರುತ್ತದೆ ಎನ್ನೋಣ. ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲವೆಂದೂ ಇಟ್ಟುಕೊಳ್ಳೋಣ. ವಾರಕ್ಕೆ ನೂರಕ್ಕೆ ಹತ್ತು ಭಾಗ ನೀರು ಬದಲಿಸಿದರೆ ಅದು ಏರುತ್ತ ಏರುತ್ತ 100 ಮಿಲಿಗ್ರಾಂ ಹತ್ತಿರ ಹೋಗಿ ನಿಲ್ಲುತ್ತದೆ. ಕಾಲು ಭಾಗ ಬದಲಿಸಿದರೆ 40ರ ಹತ್ತಿರವೇ ನಿಲ್ಲುತ್ತದೆ. ಹೀಗೆ ವಾರಕ್ಕೆ ಕಾಲು ಭಾಗ ಎಂಬುದು ಮನೆಯ ತೊಟ್ಟಿಗೆ ಹದವಾದ ಅಳತೆ. ಎರಡಡಿಯ ತೊಟ್ಟಿಗಾದರೆ ಅದು 13 ಲೀಟರಿನಷ್ಟು, ಹೆಚ್ಚೆಂದರೆ ಒಂದು ಬಕೆಟ್. ಬಹಳ ದಿನ ಮುಟ್ಟದ ತೊಟ್ಟಿಯಾದರೆ ಅವಸರ ಬೇಡ. ದಿನಕ್ಕೊಂದೆರಡು ತಂಬಿಗೆಯಂತೆ ಕೆಲವು ವಾರ ಬದಲಿಸಿ ದಾರಿಗೆ ತರಬೇಕು.

ಮೀನುಗಳನ್ನು ಹೊರಗೆ ತೆಗೆಯಬೇಕಾಗಿಲ್ಲ. ಪಂಪು, ಹೀಟರ್ ಇದ್ದರೆ ಸ್ವಿಚ್ ಆರಿಸಿ, ಬಕೆಟನ್ನು ತೊಟ್ಟಿಗಿಂತ ಕೆಳಗಿಟ್ಟು, ರಬ್ಬರ್ ಕೊಳವೆಯ ಒಂದು ತುದಿಯನ್ನು ಮರಳಿನ ಮೇಲೆ ಆಡಿಸುತ್ತ ತಳದ ಕಸದೊಂದಿಗೆ ನೀರನ್ನು ಇಳಿಸಬೇಕು. ಫಿಲ್ಟರಿನ ಸ್ಪಂಜನ್ನು ಈ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ ಹಿಂದಕ್ಕಿಡಬೇಕು. ನಲ್ಲಿಯ ಕೆಳಗೆ ಹಿಡಿಯಬಾರದು, ಸೋಪು ಸೋಕಿಸಲೇಬಾರದು. ಹೊಸದಾಗಿ ತೊಟ್ಟಿ ಶುರುಮಾಡುವವರು ಗೆಳೆಯರ ಆರೋಗ್ಯವಂತ ತೊಟ್ಟಿಯಿಂದ ಸ್ಪಂಜಿನ ಒಂದು ತುಂಡನ್ನು ಕೇಳಿ ತರಬಹುದು. ಅದೇ ಹೆಪ್ಪು.

ಇನ್ನು ಹೊಸ ನೀರು. ಕೊಳಾಯಿ ನೀರು ನಮಗೆ ಸುರಕ್ಷಿತವಾಗಿರಲೆಂದು ಅದಕ್ಕೆ ಕ್ಲೋರಿನ್ ಬೆರೆಸಿರುತ್ತಾರೆ. ಭಾರತೀಯ ಮಾನಕದಂತೆ ಮನೆಯ ನಲ್ಲಿಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನಾವು ಕುಡಿದ ನೀರು ಹೊಟ್ಟೆಗೆ ಹೋಗುತ್ತದೆ. ಮೀನಿಗಾದರೋ ಅದು ನೇರ ಕಿವಿರುಗಳ ತೆಳುಪೊರೆಗೆ ತಾಗಿ ಸುಡುತ್ತದೆ. ನೀರನ್ನು ಅಗಲಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದವರಿಗೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವುಂಟು. ಹಿಂದೆ ಫೋಟೋ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ‘ಹೈಪೋ’ ಹರಳೇ ಹಲವದರ ಮೂಲವಸ್ತು. ಒಂದು ದಿನ ಹೀಗಿಟ್ಟ ನೀರಿಗೆ ಮನೆಯ ಬಿಸಿಯೇ ಬಂದಿರುತ್ತದೆ, ಅದೂ ಒಳ್ಳೆಯದೆ. ಅದನ್ನು ಧಾರೆಯಾಗಿ, ನಿಧಾನವಾಗಿ ಹೊಯ್ಯಬೇಕು. ತೆಗೆದ ಹಳೇ ನೀರನ್ನು ಚೆಲ್ಲುವ ಬದಲು ಹೂಗಿಡಗಳಿಗೆ ಹಾಕಿದರೆ, ಮೀನಿಗೆ ಬೇಡವಾದ ನೈಟ್ರೇಟ್ ಗಿಡಕ್ಕೆ ಗೊಬ್ಬರ.

ಕೆರೆಯ ಲೆಕ್ಕ

ನೋಡಿದರೆ ಈ ಮೂರನೆಯ ಉತ್ತರ ನಮ್ಮ ಕೆರೆ ಕಟ್ಟಿದವರಿಗೆ ಹೊಸದಲ್ಲ. ಮಳೆಗಾಲದಲ್ಲಿ ಕಾಲುವೆಯಿಂದ ಹೊಸ ನೀರು ಬರುತ್ತದೆ, ಹೆಚ್ಚಾದದ್ದು ಕೋಡಿ ಬಿದ್ದು ಹೋಗುತ್ತದೆ, ತೂಬಿನಿಂದ ಇಳಿದದ್ದು ಗದ್ದೆಗೆ ಸೇರುತ್ತದೆ. ಹಳೆಯದರಲ್ಲಿ ಒಂದು ಪಾಲು ಉಳಿಯುತ್ತದೆ, ಅದರೊಂದಿಗೆ ಮೀನೂ ಉಳಿಯುತ್ತದೆ. ಕಾಲುವೆಯಲ್ಲಿ ಮಳೆನೀರಿನ ಬದಲು ಚರಂಡಿ ನೀರು ಬಂದಾಗ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಗಾಜಿನ ತೊಟ್ಟಿಗೂ ಕೆರೆಗೂ ಅನ್ವಯಿಸುವ ರಸಾಯನಶಾಸ್ತ್ರ ಒಂದೇ.

ಸಾಕಿ ಬೇಸರವಾದ ಮೀನುಗಳನ್ನು ಕೆರೆಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವವರೂ ಇದ್ದಾರೆ. ಮನುವಿನ ಕಥೆಯಲ್ಲಿ ಅದು ನಡೆದೀತು, ಇಂದು ನಡೆಯದು. ತೊಟ್ಟಿಯ ಗಾಜು ನೆಕ್ಕಲೆಂದು ತಂದ ದಕ್ಷಿಣ ಅಮೆರಿಕದ ಮೀನುಗಳು ಹೀಗೆಯೇ ಹೊರಬಿದ್ದು ನಮ್ಮ ಕೆರೆಗಳಲ್ಲಿ ಬೆಳೆದು ಸ್ಥಳೀಯ ಮೀನುಗಳಿಗೆ ಕಂಟಕವಾಗಿವೆ. ಬೇಡವಾದ ಮೀನನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡುವುದು ಲೇಸು. ಇಟ್ಟುಕೊಳ್ಳುವುದಾದರೆ ಶನಿವಾರ ರಾತ್ರಿಯೇ ಒಂದು ಬಕೆಟ್ ನೀರು ಹಿಡಿದಿಟ್ಟಿರಿ.