ಕಟ್‌ಆಫ್ ಪಟ್ಟಿಯಲ್ಲಿ ನಮ್ಮ ಕಾಲಂ ಯಾವುದು?

ಸಿಇಟಿ ಫಲಿತಾಂಶ ಬಂತೆಂದರೆ ರಾಯಚೂರು, ಮಾನ್ವಿ, ದೇವದುರ್ಗದ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಹೋದ ವರ್ಷ ಎಷ್ಟಕ್ಕೆ ನಿಂತಿತ್ತು?’ ಉತ್ತರ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲೇ ಇದೆ. ಆದರೆ ಕಟ್‌ಆಫ್ ಎಂಬುದು ಯಾರೋ ಮೊದಲೇ ಗೊತ್ತುಮಾಡಿಟ್ಟ ಗೆರೆಯಲ್ಲ. ಆ ಸುತ್ತಿನಲ್ಲಿ, ಆ ವರ್ಗದಲ್ಲಿ ಕೊನೆಯ ಸೀಟು ಪಡೆದವರ ರ್‍ಯಾಂಕ್ ಅದು. ಮೊದಲ ಸುತ್ತಿನ ಪಟ್ಟಿ ನೋಡಿಯೇ ಕೈಚೆಲ್ಲಬೇಡಿ, ಕೊನೆಯ ಸುತ್ತಿನದನ್ನೂ ತೆರೆಯಿರಿ.

ನಮ್ಮ ಜಿಲ್ಲೆಯವರು ಎಡವುವುದು ಕಾಲಂ ಆರಿಸುವಲ್ಲಿ. ಸಂವಿಧಾನದ 371(ಜೆ) ವಿಧಿಯಡಿ 2013ರಿಂದ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ ಮೀಸಲು. ಇದರ ಕಟ್‌ಆಫ್ ಬೇರೆಯೇ ಇರುತ್ತದೆ: ಸಾಮಾನ್ಯ ವರ್ಗದವರಿಗೆ ‘ಜಿಎಂ’ ಅಲ್ಲ, ‘ಜಿಎಂಎಚ್’. ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರ ಕೈಯಲ್ಲಿದ್ದರೆ ಮಾತ್ರ ಆ ಕಾಲಂ ನಿಮ್ಮದು. ‘ಆರ್’ ಸೇರಿದ್ದು ಗ್ರಾಮೀಣ ಮೀಸಲಾತಿಯ ಕಾಲಂ. ಒಂದರಿಂದ ಹತ್ತರವರೆಗೆ ಹಳ್ಳಿಶಾಲೆಯಲ್ಲಿ ಓದಿದವರಿಗೆ ಅದು ಸಲ್ಲುತ್ತದೆ. ದೇವದುರ್ಗ, ಮಾನ್ವಿ ಪುರಸಭೆ ವ್ಯಾಪ್ತಿಯಲ್ಲಿ ಓದಿದವರಿಗೆ ಸಲ್ಲದು.

ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ. ರಾಯಚೂರು ವೈದ್ಯಕೀಯ ಕಾಲೇಜು ರಿಮ್ಸ್‌ನ ಎಂಬಿಬಿಎಸ್ ಸೀಟುಗಳಲ್ಲಿ ಶೇ 15 ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ ಅದರ ಪಟ್ಟಿ ದಿಲ್ಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯಲ್ಲಿದೆ (ಎಂಸಿಸಿ), ಉಳಿದದ್ದು ಕೆಇಎಯಲ್ಲಿ. ರಾಯಚೂರು ಐಐಐಟಿಯ ಮೊದಲ ಮತ್ತು ಕೊನೆಯ ರ್‍ಯಾಂಕ್‌ಗಳನ್ನು ಜಂಟಿ ಸೀಟು ಹಂಚಿಕೆ ಪ್ರಾಧಿಕಾರ (ಜೋಸಾ) ಪ್ರಕಟಿಸುತ್ತದೆ.

ಬಿಎ, ಬಿಕಾಂ ಸೇರುವವರ ಕಥೆ ಬೇರೆ. ಅರ್ಜಿ ವಿಶ್ವವಿದ್ಯಾಲಯಗಳ ಏಕೀಕೃತ ಜಾಲತಾಣ ಯುಯುಸಿಎಂಎಸ್‌ನಲ್ಲಿ, ಸಿಇಟಿ ರ್‍ಯಾಂಕ್ ಬೇಕಿಲ್ಲ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ವಿಷಯದಲ್ಲಿ ತಿಳಿಯಬೇಕಾದದ್ದು ಎಷ್ಟು ಸೀಟು ತುಂಬಿತು, ಸೇರಿದವರಲ್ಲಿ ಎಷ್ಟು ಮಂದಿ ಕೊನೆಯ ವರ್ಷದವರೆಗೆ ಉಳಿದರು ಎಂಬುದು. ನನ್ನ ಮಟ್ಟಿಗೆ ಕಟ್‌ಆಫ್‌ಗಿಂತ ದೊಡ್ಡ ಅಂಕಿ ಇದೇ. 2010–11ರಿಂದ ನಡೆಯುತ್ತಿರುವ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಗೆ ಕಾಲೇಜುಗಳು ದಾಖಲಾತಿಯ ಲೆಕ್ಕ ಕೊಡುತ್ತವೆ. ಆದರೆ ಮುದ್ರಿತ ವರದಿಯಲ್ಲಿ ಕಾಣುವುದು ಹೆಚ್ಚಾಗಿ ರಾಜ್ಯದ ಮೊತ್ತ. ಕಾಲೇಜಿಗೆ ನ್ಯಾಕ್ ಮಾನ್ಯತೆ ಇದ್ದರೆ ಅದರ ವಾರ್ಷಿಕ ಗುಣಮಟ್ಟ ವರದಿ ಹುಡುಕಿ. ಎರಡನೇ ಮಾನದಂಡದಡಿ ದಾಖಲಾತಿಯ ಜೊತೆಗೆ ಮೀಸಲು ಸೀಟು ಎಷ್ಟು ಭರ್ತಿಯಾಯಿತು ಎಂಬುದೂ ಇರುತ್ತದೆ.

ಸಿಗದಿದ್ದರೆ ಮಾಹಿತಿ ಹಕ್ಕು ಇದೆ. ಸರ್ಕಾರಿ ಕಾಲೇಜಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರಿಸಬೇಕು. ‘ದಾಖಲಾತಿ ವಿವರ ಕೊಡಿ’ ಎಂದಷ್ಟೇ ಬರೆಯಬೇಡಿ. ಕಳೆದ ಮೂರು ವರ್ಷ, ಕೋರ್ಸ್‌ವಾರು, ಮಂಜೂರಾದ ಸೀಟು, ಸೇರಿದವರು, ಅಂತಿಮ ಪರೀಕ್ಷೆ ಬರೆದವರು, ಹುಡುಗಿಯರ ಸಂಖ್ಯೆ ಪ್ರತ್ಯೇಕ ಎಂದು ಬಿಡಿಸಿ ಕೇಳಿ.