ಪಾಲಿಯುರಿಥೇನ್ ಉದ್ದಿಮೆಯಲ್ಲಿ ಐಸೋಸಯನೇಟುಗಳ ಸುರಕ್ಷಿತ ಬಳಕೆ

ಹಾಸಿಗೆಯ ಫೋಮ್ ತಯಾರಿಸುವವರು, ಶೀತಲಗೃಹಗಳಿಗೆ ಪಫ್ ಹಲಗೆಗಳನ್ನು ಒದಗಿಸುವವರು, ಪಾದರಕ್ಷೆಯ ಅಟ್ಟೆಗಳನ್ನು ಎರಕ ಹೊಯ್ಯುವವರು, ವಾಹನಗಳಿಗೆ ಬಣ್ಣ ಸಿಂಪಡಿಸುವವರು, ಮರದ ಪೀಠೋಪಕರಣಗಳಿಗೆ ಪಿ.ಯು. ಪಾಲಿಶ್ ಹಾಕುವವರು, ಇವರ ಉದ್ದಿಮೆಗಳು ಬೇರೆ ಬೇರೆ. ಆದರೆ ಇವರೆಲ್ಲರ ಉಗ್ರಾಣದಲ್ಲಿರುವ ಡ್ರಮ್ಮುಗಳಲ್ಲಿ ಒಂದು ಮಾತ್ರ ಒಂದೇ ರಾಸಾಯನಿಕ ಕುಟುಂಬಕ್ಕೆ ಸೇರಿರುತ್ತದೆ. ಅದೇ ಐಸೋಸಯನೇಟ್. ಮಾರುಕಟ್ಟೆಯಲ್ಲಿ ಅದು 'ಐಸೋ', 'ಹಾರ್ಡನರ್', 'ಕ್ಯಾಟಲಿಸ್ಟ್' ಮುಂತಾದ ಹೆಸರುಗಳಿಂದ ಮಾರಾಟವಾಗುತ್ತದೆ. ಹೆಸರು ಬದಲಾದ ಮಾತ್ರಕ್ಕೆ ಗುಣ ಬದಲಾಗುವುದಿಲ್ಲ.

ಜರ್ಮನಿಯ ಲೆವರ್‌ಕುಸನ್‌ನಲ್ಲಿ ಆಟೋ ಬೇಯರ್ ಮತ್ತು ಅವರ ಸಹೋದ್ಯೋಗಿಗಳು 1937ರಲ್ಲಿ ಪಾಲಿಯುರಿಥೇನ್ ರಸಾಯನವನ್ನು ಕಂಡುಹಿಡಿದರು. ಪಾಲಿಯಾಲ್ ಎಂಬ ದ್ರವವೂ ಐಸೋಸಯನೇಟ್ ಎಂಬ ದ್ರವವೂ ಕೂಡಿದಾಗ ಶಾಖ ಹುಟ್ಟಿ, ಕೆಲವೇ ನಿಮಿಷಗಳಲ್ಲಿ ಘನ ಪದಾರ್ಥ ಉಂಟಾಗುತ್ತದೆ. ಪೂರ್ಣವಾಗಿ ಗಟ್ಟಿಯಾದ ಫೋಮ್ ಅಥವಾ ಲೇಪನದಿಂದ ಬಳಕೆದಾರನಿಗೆ ಭಯಪಡುವ ಕಾರಣವಿಲ್ಲ. ಅಪಾಯವಿರುವುದು ಆ ಸ್ಥಿತಿಗೆ ಬರುವ ಮುನ್ನ, ಅಂದರೆ ಕಾರ್ಖಾನೆಯ ಒಳಗೆ. ಇಲ್ಲಿ ಒಂದು ಸೂಕ್ಷ್ಮವನ್ನು ಆಮದುದಾರರು ಗಮನಿಸಬೇಕು. ಅಮೆರಿಕದ ವಾಡಿಕೆಯಲ್ಲಿ 'ಎ' ಎಂದು ಗುರುತಿಸಿದ ಡ್ರಮ್ ಐಸೋಸಯನೇಟಿನದು. ಯುರೋಪಿನ ವಾಡಿಕೆಯಲ್ಲಿ 'ಎ' ಪಾಲಿಯಾಲ್, 'ಬಿ' ಐಸೋಸಯನೇಟ್. ಎರಡೂ ಕಡೆಯಿಂದ ಸರಕು ತರಿಸುವ ಘಟಕದಲ್ಲಿ ಕೇವಲ ಅಕ್ಷರವನ್ನು ನಂಬಿ ಡ್ರಮ್ ತೆರೆಯುವುದು ತಪ್ಪಿಗೆ ದಾರಿ.

ಬಳಕೆಯಲ್ಲಿರುವ ಐಸೋಸಯನೇಟುಗಳಲ್ಲಿ ಮೂರು ಮುಖ್ಯವಾದವು. ಮೆತ್ತನೆಯ ಫೋಮಿಗೆ ಟಿಡಿಐ, ಗಟ್ಟಿ ಫೋಮ್, ಅಟ್ಟೆ ಮತ್ತು ಅಂಟುಗಳಿಗೆ ಎಂಡಿಐ, ವಾಹನದ ಬಣ್ಣ ಮತ್ತು ಹೊಳಪಿನ ಲೇಪನಗಳಿಗೆ ಎಚ್‌ಡಿಐ ಆಧಾರಿತ ಹಾರ್ಡನರ್. ಭಾರತದಲ್ಲಿ ಟಿಡಿಐಯನ್ನು ಗುಜರಾತಿನ ಜಿಎನ್‌ಎಫ್‌ಸಿ ಸಂಸ್ಥೆಯು ಭರೂಚ್ ಮತ್ತು ದಹೇಜ್ ಘಟಕಗಳಲ್ಲಿ ತಯಾರಿಸುತ್ತದೆ. ಎಂಡಿಐ ಬಹುಪಾಲು ಆಮದಿನಿಂದಲೇ ಬರುತ್ತದೆ. ಮೂರರಲ್ಲಿ ಟಿಡಿಐ ಸಾಧಾರಣ ಉಷ್ಣತೆಯಲ್ಲಿಯೇ ಆವಿಯಾಗುವ ಗುಣವುಳ್ಳದ್ದು. ಎಂಡಿಐ ಅಷ್ಟು ಸುಲಭವಾಗಿ ಆವಿಯಾಗದು. ಈ ಕಾರಣದಿಂದ 'ಎಂಡಿಐ ನಿರಪಾಯಕಾರಿ' ಎಂಬ ಮಾತು ಮಾರಾಟಗಾರರ ಬಾಯಲ್ಲಿ ಚಾಲ್ತಿಯಲ್ಲಿದೆ. ಅದು ಅರ್ಧ ಸತ್ಯ. ಕಾಯಿಸಿದಾಗ ಎಂಡಿಐ ಸಹ ಆವಿಯಾಗುತ್ತದೆ. ಸಿಂಪಡಿಸಿದಾಗ ಆವಿಯಾಗಬೇಕಾದ ಅಗತ್ಯವೇ ಇಲ್ಲ, ಸೂಕ್ಷ್ಮ ಹನಿಗಳ ರೂಪದಲ್ಲಿಯೇ ಶ್ವಾಸಕೋಶವನ್ನು ಸೇರುತ್ತದೆ. ಬಣ್ಣದ ಹಾರ್ಡನರಿನ ವಿಷಯದಲ್ಲಿ 'ಮಾನೊಮರ್ ಅತ್ಯಲ್ಪ' ಎಂಬ ಭರವಸೆಯನ್ನೂ ಹೀಗೆಯೇ ಅಳೆಯಬೇಕು. ಮಾನೊಮರ್ ಕಡಿಮೆಯಿದ್ದರೂ, ಉಳಿದ ಭಾರವಾದ ಅಣುಗಳೂ ಐಸೋಸಯನೇಟುಗಳೇ ಆಗಿದ್ದು, ಮಂಜಿನಂತೆ ಹರಡಿದಾಗ ಅಷ್ಟೇ ತೊಂದರೆ ಕೊಡಬಲ್ಲವು.

ಹಾನಿಯ ಸ್ವರೂಪ

ಆಮ್ಲ ತಾಗಿದರೆ ಚರ್ಮ ಸುಡುತ್ತದೆ, ದ್ರಾವಕದ ಆವಿ ಹೆಚ್ಚಾದರೆ ತಲೆ ಸುತ್ತುತ್ತದೆ. ಕಾರ್ಮಿಕನಿಗೆ ಎಚ್ಚರಿಕೆ ತಕ್ಷಣ ದೊರೆಯುತ್ತದೆ. ಐಸೋಸಯನೇಟುಗಳೂ ಕಣ್ಣು, ಮೂಗು, ಗಂಟಲುಗಳನ್ನು ಉರಿಸುತ್ತವೆಯಾದರೂ ಅವುಗಳ ಮುಖ್ಯ ಹಾನಿ ಬೇರೆಯದು. ಕೆಲವರ ದೇಹವು ಈ ಪದಾರ್ಥವನ್ನು ಶತ್ರುವೆಂದು ಗುರುತಿಸಿ ಅದರ ವಿರುದ್ಧ ಸಂವೇದನೆಯನ್ನು ಬೆಳೆಸಿಕೊಳ್ಳುತ್ತದೆ. ಇದಕ್ಕೆ ವಾರಗಳು, ತಿಂಗಳುಗಳು, ಒಮ್ಮೊಮ್ಮೆ ವರ್ಷಗಳೇ ಹಿಡಿಯಬಹುದು. ಒಮ್ಮೆ ಹಾಗಾದ ಮೇಲೆ ಇತರರಿಗೆ ಏನೂ ಮಾಡದಷ್ಟು ಅಲ್ಪ ಪ್ರಮಾಣವೂ ಆತನಲ್ಲಿ ತೀವ್ರ ಅಸ್ತಮಾವನ್ನು ಉಂಟುಮಾಡುತ್ತದೆ. ಆ ಸ್ಥಿತಿಯನ್ನು ಹಿಂದಿರುಗಿಸುವ ಔಷಧವಿಲ್ಲ. ಹತ್ತು ವರ್ಷ ಅನುಭವವುಳ್ಳ ನುರಿತ ಬಣ್ಣಗಾರನು ಮುಂದೆ ಆ ಕೋಣೆಯನ್ನು ಪ್ರವೇಶಿಸಲಾರದವನಾಗುತ್ತಾನೆ. ಕೆಲಸ ಬಿಟ್ಟ ನಂತರವೂ ಅನೇಕರಲ್ಲಿ ಉಬ್ಬಸ ಉಳಿಯುತ್ತದೆ. ಚರ್ಮಕ್ಕೆ ಪದೇ ಪದೇ ತಾಗುವುದರಿಂದಲೂ ಈ ಸಂವೇದನೆ ಬೆಳೆಯಲು ಸಹಾಯವಾಗುತ್ತದೆಂದು ತಿಳಿದುಬಂದಿದೆ. ಆದ್ದರಿಂದ ಕೈಗವಸು ಕೇವಲ ಕೈಯನ್ನು ಕಾಯುವ ಸಾಧನವಲ್ಲ.

ರೋಗವನ್ನು ಗುರುತಿಸುವುದು ತಡವಾಗಲು ಇನ್ನೊಂದು ಕಾರಣವಿದೆ. ಉಬ್ಬಸವು ಅನೇಕ ವೇಳೆ ಕೆಲಸದ ಸಮಯದಲ್ಲಿ ಬಾರದೆ, ಹಲವು ಗಂಟೆಗಳ ನಂತರ, ಸಂಜೆ ಅಥವಾ ರಾತ್ರಿಯಲ್ಲಿ ಕಾಣಿಸುತ್ತದೆ. ಕಾರ್ಮಿಕನು ಅದನ್ನು ನೆಗಡಿ, ಧೂಳು, ಹವೆಯ ಬದಲಾವಣೆ ಎಂದು ಭಾವಿಸಿ ಮನೆಯ ಹತ್ತಿರದ ವೈದ್ಯರಲ್ಲಿಗೆ ಹೋಗುತ್ತಾನೆ. ಆತನ ಕೆಲಸವೇನೆಂದು ವೈದ್ಯರು ಕೇಳದಿದ್ದರೆ ನಿಜವಾದ ಕಾರಣ ಹೊರಬರುವುದೇ ಇಲ್ಲ. ರಜಾದಿನಗಳಲ್ಲಿ ಕಡಿಮೆಯಾಗಿ, ಕೆಲಸಕ್ಕೆ ಮರಳಿದೊಡನೆ ಹೆಚ್ಚುವ ಕೆಮ್ಮು ಯಾವ ಕಾರ್ಮಿಕನಲ್ಲಿ ಕಂಡರೂ ಮಾಲೀಕನು ಅದನ್ನು ಗಂಭೀರವಾಗಿ ಪರಿಗಣಿಸಬೇಕು.

ಮೂಗನ್ನು ನಂಬುವಂತಿಲ್ಲ ಎಂಬುದು ಎರಡನೆಯ ತೊಡಕು. ಟಿಡಿಐಗೆ ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘವಾದ ಎಸಿಜಿಐಎಚ್ 2016ರಲ್ಲಿ ಸೂಚಿಸಿದ 8 ಗಂಟೆಗಳ ಸರಾಸರಿ ಮಿತಿ 0.001 ಪಿಪಿಎಂ, ಅಂದರೆ ಗಾಳಿಯ 100 ಕೋಟಿ ಭಾಗಗಳಲ್ಲಿ 1 ಭಾಗ. ಮನುಷ್ಯನ ಮೂಗಿಗೆ ಅದರ ವಾಸನೆ ತಿಳಿಯುವುದು ಈ ಮಿತಿಗಿಂತ ಹತ್ತಾರು ಪಟ್ಟು ಹೆಚ್ಚಾದ ಮೇಲೆಯೇ. ತೆರೆದ ಟಿಡಿಐ ಡ್ರಮ್ಮಿನ ಬಾಯಿಯ ಬಳಿಯ ಗಾಳಿಯಲ್ಲಿ ಆ ಮಿತಿಯ ಸಾವಿರಾರು ಪಟ್ಟು ಆವಿ ಇರಬಲ್ಲದು. 'ವಾಸನೆಯೇ ಬರುತ್ತಿಲ್ಲ' ಎಂಬುದು ಸುರಕ್ಷತೆಯ ಲಕ್ಷಣವಲ್ಲ. ವಾಸನೆ ಬಂದಿತೆಂದರೆ ಮಿತಿ ಎಂದೋ ಮೀರಿದೆ.

ನೀರು ಮತ್ತು ಡ್ರಮ್

ಐಸೋಸಯನೇಟ್ ಎಂಬ ಶಬ್ದ ಕೇಳಿದೊಡನೆ 1984ರ ಡಿಸೆಂಬರಿನ ಭೋಪಾಲ ದುರಂತವು ನೆನಪಿಗೆ ಬರುವುದು ಸಹಜ. ಅಲ್ಲಿ ಸೋರಿದ ಮೀಥೈಲ್ ಐಸೋಸಯನೇಟ್ ಸುಮಾರು 39 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುವ ದ್ರವ. ಟಿಡಿಐ ಕುದಿಯುವುದು 250 ಡಿಗ್ರಿಯ ಆಸುಪಾಸಿನಲ್ಲಿ. ಎರಡನ್ನೂ ಒಂದೇ ಎಂದು ಭಾವಿಸಿ ಹೆದರಬೇಕಾಗಿಲ್ಲ. ಆದರೆ ಭೋಪಾಲದ ಟ್ಯಾಂಕಿನಲ್ಲಿ ನೀರು ಸೇರಿ ಶಾಖ ಮತ್ತು ಒತ್ತಡ ಏರಿದ ಸಂಗತಿಯಲ್ಲಿ ಈ ಇಡೀ ಕುಟುಂಬಕ್ಕೆ ಸಮಾನವಾದ ಗುಣವೊಂದು ಕಾಣುತ್ತದೆ. ಐಸೋಸಯನೇಟಿಗೆ ನೀರು ಸೇರಿದರೆ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ಫೋಮ್ ಉಬ್ಬುವುದಕ್ಕೂ ಇದೇ ಕಾರಣ. ಡ್ರಮ್ಮಿನ ಒಳಗೆ ಇದು ನಡೆದರೆ, ಮುಚ್ಚಳ ಬಿಗಿಯಾಗಿದ್ದಲ್ಲಿ ಡ್ರಮ್ ಉಬ್ಬಿ ಸಿಡಿಯುತ್ತದೆ. ಅನಿಲ ಮೊದಲು ನಿಧಾನವಾಗಿ ಏರುವುದರಿಂದ ಸಂಜೆ ಮುಚ್ಚಿಟ್ಟ ಡ್ರಮ್ ಬೆಳಗಿನ ವೇಳೆಗೆ ಅಪಾಯಕಾರಿಯಾಗಿರಬಹುದು.

ಆದುದರಿಂದ ಮಳೆಗಾಲದಲ್ಲಿ ಡ್ರಮ್ಮುಗಳನ್ನು ಬಯಲಿನಲ್ಲಿ ನಿಲ್ಲಿಸುವುದು, ಒದ್ದೆ ಪಂಪು ಅಥವಾ ಪಾಲಿಯಾಲಿಗೆ ಬಳಸಿದ ಬಕೆಟ್ಟನ್ನು ಐಸೋಗೆ ಉಪಯೋಗಿಸುವುದು ಸಲ್ಲದು. ಅರ್ಧ ಖಾಲಿಯಾದ ಡ್ರಮ್ಮಿನೊಳಗೆ ತೇವಾಂಶವುಳ್ಳ ಗಾಳಿ ಹೋಗದಂತೆ ಒಣ ನೈಟ್ರೋಜನ್ ಅಥವಾ ತೇವಾಂಶ ಹೀರುವ ಸಿಲಿಕಾ ಜೆಲ್‌ನ ಉಸಿರು ಕೊಳವೆಯನ್ನು ಅಳವಡಿಸಬೇಕು. ಉಬ್ಬಿದ ಡ್ರಮ್ ಕಂಡರೆ ಜನರನ್ನು ದೂರ ಸರಿಸಿ ಸರಬರಾಜುದಾರರನ್ನು ಕರೆಸುವುದು ಕ್ರಮ; ಅನುಭವವಿಲ್ಲದವನು ಸ್ಪ್ಯಾನರ್ ಹಿಡಿದು ಮುಚ್ಚಳ ಬಿಚ್ಚಲು ಹೋಗಬಾರದು. ಟಿಡಿಐ ಸುಮಾರು 13-14 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಉತ್ತರ ಭಾರತದ ರಸ್ತೆಗಳಲ್ಲಿ ಬಂದ ಸರಕು ಹೀಗಾಗಿದ್ದರೆ ಬೆಚ್ಚನೆಯ ಕೋಣೆಯಲ್ಲಿಟ್ಟು ಕರಗಿಸಬೇಕೇ ಹೊರತು ಡ್ರಮ್ಮಿನ ಕೆಳಗೆ ಬೆಂಕಿ ಹಾಕಬಾರದು.

ಇಲ್ಲಿ ವ್ಯಾಪಾರಿಯ ಪಾತ್ರವನ್ನು ವಿಶೇಷವಾಗಿ ಹೇಳಬೇಕಾಗಿದೆ. ತಯಾರಕನಿಂದ ಬರುವ 250 ಕಿಲೋ ಡ್ರಮ್ಮಿನ ಮೇಲೆ ಎಚ್ಚರಿಕೆಯ ಚಿಹ್ನೆ, ಸುರಕ್ಷತಾ ಮಾಹಿತಿ ಪತ್ರ ಎಲ್ಲವೂ ಇರುತ್ತವೆ. ಅದನ್ನು 5 ಕಿಲೋ, 1 ಕಿಲೋ ಡಬ್ಬಿಗಳಿಗೆ ಬಗ್ಗಿಸಿ ಮಾರುವಾಗ ಈ ಮಾಹಿತಿಯೆಲ್ಲ ಅಂಗಡಿಯಲ್ಲೇ ಉಳಿದುಹೋಗುತ್ತದೆ. ಪಾಲಿಶ್ ಹಾಕುವ ಬಡಗಿಯ ಕೈಗೆ ಸಿಗುವುದು ಹೆಸರಿಲ್ಲದ ತಗಡಿನ ಡಬ್ಬಿ. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹಣೆ ಮತ್ತು ಆಮದಿಗೆ ಸಂಬಂಧಿಸಿದ 1989ರ ನಿಯಮಗಳು ಮಾಹಿತಿ ಪತ್ರವನ್ನೂ ಗುರುತು ಚೀಟಿಯನ್ನೂ ವಿಧಿಸಿವೆ. ನಿಯಮದ ಮಾತು ಹಾಗಿರಲಿ. ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ ಅಂಟಿಸುವ ಖರ್ಚು ಯಾವ ವ್ಯಾಪಾರಿಗೂ ಭಾರವಾಗದು. ಖರೀದಿಸುವವರೂ ಮಾಹಿತಿ ಪತ್ರವಿಲ್ಲದ ಸರಕನ್ನು ಒಪ್ಪಿಕೊಳ್ಳದಿದ್ದರೆ ಈ ಪದ್ಧತಿ ತಾನಾಗಿಯೇ ನೆಲೆಗೊಳ್ಳುತ್ತದೆ.

ಬಣ್ಣ ಸಿಂಪಡಿಸುವಲ್ಲಿ

ಸಣ್ಣ ಘಟಕಗಳಲ್ಲಿ ಅತಿ ಹೆಚ್ಚು ಅಪಾಯವಿರುವುದು ಸ್ಪ್ರೇ ಗನ್ ಹಿಡಿದವನಿಗೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಾಗಲಿ, ಊರ ಹೊರಗಿನ ಗ್ಯಾರೇಜುಗಳಲ್ಲಾಗಲಿ ಈತನ ಮುಖಕ್ಕೆ ಸಾಮಾನ್ಯವಾಗಿ ಕಾಣುವುದು ಕರವಸ್ತ್ರ ಅಥವಾ ಧೂಳಿನ ಮಾಸ್ಕ್. ಇವೆರಡೂ ಐಸೋಸಯನೇಟನ್ನು ತಡೆಯಲಾರವು. ಕಾರ್ಟ್ರಿಡ್ಜ್ ಇರುವ ಮಾಸ್ಕ್ ಇವುಗಳಿಗಿಂತ ಮೇಲಾದರೂ, ಕಾರ್ಟ್ರಿಡ್ಜ್ ಮುಗಿದದ್ದು ಸಾಮಾನ್ಯವಾಗಿ ವಾಸನೆಯಿಂದ ತಿಳಿಯಬೇಕು. ಇಲ್ಲಿ ವಾಸನೆಯೇ ನೆಚ್ಚಲಾಗದ್ದು. ಸಿಂಪಡಣೆಗೆ ಸರಿಯಾದದ್ದು ಕೊಳವೆಯ ಮೂಲಕ ಶುದ್ಧ ಗಾಳಿ ಒದಗಿಸುವ ಮುಖಗವಚವೇ. ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಬೂತಿನ ಹೊರಗೆ, ಶುದ್ಧ ಗಾಳಿ ಸಿಗುವ ಸ್ಥಳದಲ್ಲಿರಬೇಕು. ಎಣ್ಣೆಯ ಕಂಪ್ರೆಸರಾದರೆ ಕಾರ್ಬನ್ ಮೊನಾಕ್ಸೈಡ್ ಬರುವ ಸಂಭವವಿರುವುದರಿಂದ ತಕ್ಕ ಶೋಧಕ ಅತ್ಯಗತ್ಯ.

ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಕಾರ್ಯಾಲಯವು ವಾಹನ ದುರಸ್ತಿಯ ಘಟಕಗಳಲ್ಲಿ ಕಂಡುಕೊಂಡ ಸಂಗತಿಯೊಂದು ಇಲ್ಲಿಗೂ ಚೆನ್ನಾಗಿ ಅನ್ವಯಿಸುತ್ತದೆ. ಬಣ್ಣಗಾರರು ಉತ್ತಮ ಮುಖಗವಚ ಧರಿಸಿಯೂ, ಸಿಂಪಡಣೆ ಮುಗಿದ ಕ್ಷಣವೇ ಹೊಳಪನ್ನು ಪರೀಕ್ಷಿಸಲು ಗವಚವನ್ನು ಮೇಲೆತ್ತುತ್ತಿದ್ದರು. ಆಗ ಮಂಜು ಕಣ್ಣಿಗೆ ಕಾಣುವುದಿಲ್ಲ, ಆದರೆ ಗಾಳಿಯಲ್ಲಿ ಇದ್ದೇ ಇರುತ್ತದೆ. ಬೂತ್ ಶುದ್ಧವಾಗಲು ಎಷ್ಟು ನಿಮಿಷ ಬೇಕೆಂಬುದನ್ನು ಹೊಗೆ ಬಿಟ್ಟು ಅಳೆದು, ಆ ಅವಧಿಯನ್ನು ಬೂತಿನ ಬಾಗಿಲ ಮೇಲೆಯೇ ಬರೆದಿಡಬೇಕು. ಅದು ಮುಗಿಯುವವರೆಗೆ ಗವಚ ತೆಗೆಯಕೂಡದು, ಇತರರು ಒಳಗೆ ಬರಕೂಡದು. ಬೂತ್ ಕಟ್ಟಲಾಗದ ಘಟಕಗಳು ಬಿಡುವಿನ ವೇಳೆಯಲ್ಲಿ, ಬೇರೆಯವರಿಲ್ಲದಾಗ, ಬೇರ್ಪಡಿಸಿದ ಕೋಣೆಯಲ್ಲಿ ಕೆಲಸ ಮಾಡಿಸಬಹುದು. ಸಣ್ಣ ಕೆಲಸಗಳಿಗೆ ಬ್ರಷ್ ಅಥವಾ ರೋಲರ್ ಬಳಸಿದರೆ ಮಂಜಿನ ಪ್ರಶ್ನೆಯೇ ಏಳುವುದಿಲ್ಲ. ಆದರೆ ಹೊಳಪು ಬಯಸುವ ಗ್ರಾಹಕ ಒಪ್ಪುವುದು ವಿರಳ. ಬಣ್ಣ ಬೆರೆಸುವಾಗ, ಗನ್ ತೊಳೆಯುವಾಗ ನೈಟ್ರೈಲ್ ಕೈಗವಸು, ಕನ್ನಡಕಗಳನ್ನು ಮರೆಯಬಾರದು. ಪಿ.ಯು. ಬಣ್ಣವಿರುವ ತಗಡನ್ನು ಬೆಸೆಯುವಾಗ, ಫೋಮನ್ನು ಕಾದ ತಂತಿಯಿಂದ ಕತ್ತರಿಸುವಾಗ ಐಸೋಸಯನೇಟ್ ಮತ್ತೆ ಹೊರಬರುತ್ತದೆ ಎಂಬುದು ಬೆಸುಗೆಗಾರರಿಗೆ ತಿಳಿದಿರುವುದು ಕಡಿಮೆ.

ಫೋಮ್ ಘಟಕಗಳ ಮಾಲೀಕರು ಬೆಂಕಿಯ ಕಡೆಗೂ ಗಮನವಿಡಬೇಕು. ಹೊಸದಾಗಿ ಎರೆದ ದೊಡ್ಡ ಫೋಮ್ ಬ್ಲಾಕಿನ ಒಳಭಾಗವು ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಟಿಡಿಐ ಪ್ರಮಾಣ ತಪ್ಪಿದರೆ ಶಾಖ ಏರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಎಳೆಯ ಬ್ಲಾಕುಗಳನ್ನು ಒಂದರ ಮೇಲೊಂದು ಒಟ್ಟದೆ, ಪ್ರತ್ಯೇಕ ಕೋಣೆಯಲ್ಲಿ ಅಂತರ ಬಿಟ್ಟು ನಿಲ್ಲಿಸಿ ರಾತ್ರಿಯಿಡೀ ಕಾವಲಿರಿಸಬೇಕು. ಉರಿಯುವ ಫೋಮಿನ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ.

ಚೆಲ್ಲಿದಾಗ ಹಾಗೂ ಡ್ರಮ್ ಖಾಲಿಯಾದಾಗ

ಐಸೋಸಯನೇಟ್ ಚೆಲ್ಲಿದರೆ ಉಸಿರಿನ ರಕ್ಷಣೆಯುಳ್ಳವರ ಹೊರತು ಉಳಿದವರನ್ನು ದೂರ ಕಳುಹಿಸಿ, ಒಣ ಮರಳು ಅಥವಾ ಮಣ್ಣಿನಿಂದ ಮುಚ್ಚಿ, ತೆರೆದ ಪಾತ್ರೆಗೆ ತುಂಬಬೇಕು. ಬಳಿಕ ತಟಸ್ಥಗೊಳಿಸುವ ದ್ರಾವಣ ಸುರಿಯಬೇಕು. 100 ಭಾಗದಲ್ಲಿ 5ರಿಂದ 10 ಭಾಗ ವಾಷಿಂಗ್ ಸೋಡಾ, ಸ್ವಲ್ಪ ದ್ರವ ಸಾಬೂನು, ಉಳಿದದ್ದು ನೀರು, ಇಷ್ಟೇ ಸಾಕು. ಪಾತ್ರೆಯಿಂದ ಅನಿಲ ಬರುತ್ತಲೇ ಇರುವುದರಿಂದ ಕನಿಷ್ಠ 48 ಗಂಟೆ ಮುಚ್ಚಳ ಬಿಗಿಯಬಾರದು. ಈ ಸೋಡಾ ದ್ರಾವಣವನ್ನೂ ಮರಳನ್ನೂ ಉಗ್ರಾಣದ ಬಾಗಿಲಲ್ಲೇ ಸಿದ್ಧವಿಟ್ಟುಕೊಳ್ಳುವುದು ಲೇಸು.

ಖಾಲಿ ಡ್ರಮ್ಮುಗಳಿಗೆ ನಮ್ಮ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಯಿದೆ. ತೊಂದರೆ ಇರುವುದೂ ಅಲ್ಲಿಯೇ. ಒಳಗೆ ಅಂಟಿದ ಐಸೋ ಇರುವ ಡ್ರಮ್ಮನ್ನು ಗುಜರಿಯವನು ಗ್ಯಾಸ್ ಕಟ್ಟರಿನಿಂದ ಕತ್ತರಿಸಿದರೆ ಆವಿಯನ್ನು ಸೇವಿಸುವವನು ಅವನೇ. ತೊಳೆದು ನೀರು ತುಂಬಲು ಬಳಸುವ ಮನೆಗಳೂ ಇವೆ. ಸೋಡಾ ದ್ರಾವಣ ತುಂಬಿ, ಮುಚ್ಚಳ ತೆರೆದಿಟ್ಟು, ತಟಸ್ಥಗೊಳಿಸಿ, ತೂತು ಮಾಡಿದ ನಂತರವೇ ಡ್ರಮ್ಮನ್ನು ಪರವಾನಗಿಯುಳ್ಳವರಿಗೆ ಕೊಡುವುದು ಯೋಗ್ಯ.

ಆರೋಗ್ಯ ತಪಾಸಣೆ ಮತ್ತು ಹೊಣೆ

ಅಸ್ತಮಾ ಇರುವವರನ್ನು ಈ ಕೆಲಸಕ್ಕೆ ನೇಮಿಸಬಾರದು. ಉಳಿದವರಿಗೆ ಸೇರುವ ಮುನ್ನ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿ, ಮೊದಲ ಕೆಲವು ವಾರಗಳಲ್ಲಿ ಮತ್ತೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸುವುದು ಉತ್ತಮ ಪದ್ಧತಿ. ಮೊದಲ ಲಕ್ಷಣದಲ್ಲೇ ಕೆಲಸ ಬದಲಿಸಿದವನು ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಲಕ್ಷಣ ಹೇಳಿಕೊಂಡರೆ ಕೆಲಸ ಹೋಗುವುದೆಂಬ ಭಯವಿದ್ದಲ್ಲಿ ಯಾರೂ ಬಾಯಿ ಬಿಡರು. ಬೇರೆ ವಿಭಾಗದಲ್ಲಿ ಅದೇ ವೇತನದ ಕೆಲಸ ಕೊಡುವೆನೆಂದು ಮಾಲೀಕನು ಮೊದಲೇ ತಿಳಿಸಿರುವುದು ಆತನಿಗೂ ಹಿತ.

ಐಸೋಸಯನೇಟ್ ವಿಷಬಾಧೆಯು 1948ರ ಕಾರ್ಖಾನೆಗಳ ಅಧಿನಿಯಮದಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಅನುಸೂಚಿಯಲ್ಲಿ ಸೇರಿತ್ತು. ಆ ಅಧಿನಿಯಮದ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೂ ಅಂತಹ ಅನುಸೂಚಿಯನ್ನು ಹೊಂದಿದೆ. ವಿದ್ಯುಚ್ಛಕ್ತಿ ಬಳಸುವ ಘಟಕವು 'ಕಾರ್ಖಾನೆ' ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆ 10ರಿಂದ 20ಕ್ಕೆ ಏರಿರುವುದರಿಂದ ಅನೇಕ ಸಣ್ಣ ಘಟಕಗಳು ತಮಗೆ ಇದು ಸಂಬಂಧಿಸಿದ್ದಲ್ಲವೆಂದು ಭಾವಿಸಬಹುದು. ವೃತ್ತಿಜನ್ಯ ರೋಗಕ್ಕೆ ಪರಿಹಾರ ಕೊಡುವ ಹೊಣೆ ಆ ಸಂಖ್ಯೆಯನ್ನು ನೋಡಿ ಬರುವುದಿಲ್ಲ. ಯುರೋಪಿಗೆ ರಫ್ತು ಮಾಡುವವರಿಗೆ ಇನ್ನೊಂದು ಸೂಚನೆ: 0.1 ಶೇಕಡಕ್ಕಿಂತ ಹೆಚ್ಚು ಡೈಐಸೋಸಯನೇಟ್ ಮಾನೊಮರ್ ಇರುವ ಸರಕನ್ನು ವೃತ್ತಿಗಾಗಿ ಬಳಸುವವರು ತರಬೇತಿ ಪಡೆದಿರಬೇಕೆಂದು ಯುರೋಪಿಯನ್ ಒಕ್ಕೂಟವು 2023ರ ಆಗಸ್ಟ್ 24ರಿಂದ ಕಡ್ಡಾಯಗೊಳಿಸಿದೆ; ಆ ವಿಷಯವನ್ನು ಡಬ್ಬಿಯ ಮೇಲೆ ಮುದ್ರಿಸಿರಬೇಕು.